ಅದೇ ದಿನ ಟಿಕೆಟ್, ನಿಂತು ನೋಡುವ ಟಿಕೆಟ್: ನಾಟಕದವರನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಂಡದ ನಾಟಕಗಳಿಗೆ ಟಿಕೆಟ್ ಮೇಜಿನ ಹಿಂದೆ ಕೂರುವುದು ಹಲವು ವರ್ಷಗಳಿಂದ ನನ್ನ ಕೆಲಸ. ಜನ ಅಲ್ಲೇ ನಿಂತು ಕೇಳುತ್ತಾರೆ. ಫೋನ್ ಮಾಡಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ಈಚೆಗೆ ಅಮೆರಿಕ, ಲಂಡನ್‌ನಲ್ಲಿರುವ ಮಕ್ಕಳ ಮನೆಗೆ ಹೊರಟವರ ಪ್ರಶ್ನೆಗಳೂ ಜಾಸ್ತಿಯಾಗಿವೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಸಲ ಹೊರಟವರಿಗೆ

ಮುಂಚೆ ಬುಕ್ ಮಾಡಿಲ್ಲ. ಇವತ್ತೇ ಹೋದ್ರೆ ಬೆಂಗಳೂರಲ್ಲಿ ನಾಟಕದ ಟಿಕೆಟ್ ಸಿಗುತ್ತಾ?

ಹೆಚ್ಚಿನ ದಿನ ಸಿಗುತ್ತದೆ. ಕನ್ನಡ ನಾಟಕಗಳಿಗೆ ಇವತ್ತಿಗೂ ಅರ್ಧದಷ್ಟು ಜನ ಆಟದ ದಿನವೇ ಬಂದು ಟಿಕೆಟ್ ಕೊಳ್ಳುವುದನ್ನು ನಾನು ನಮ್ಮ ಮೇಜಿನಲ್ಲಿ ನೋಡುತ್ತೇನೆ. ರವೀಂದ್ರ ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ ಇಂಥ ಕಡೆ ಬಾಗಿಲ ಹತ್ತಿರ ತಂಡದವರೇ ಒಂದು ಮೇಜು ಹಾಕಿಕೊಂಡು ಕೂತಿರುತ್ತಾರೆ. ಜೆ.ಪಿ.ನಗರದ ರಂಗಶಂಕರದಲ್ಲಿ ಕೌಂಟರ್ ಇದೆ. ಹೆಸರಾದ ತಂಡ, ಸಿನಿಮಾ ನಟರಿರುವ ನಾಟಕ, ತುಂಬಾ ವರ್ಷದ ಮೇಲೆ ಮತ್ತೆ ಬಂದ ಹಳೇ ನಾಟಕ, ಇವುಗಳಿಗೆ ಮಾತ್ರ ಕಷ್ಟ. ಈ ಪುಟದಲ್ಲಿರುವುದು ಹೆಚ್ಚಾಗಿ ಅಂಥ ದಿನಗಳ ಮಾತು.

ಕೊನೇ ಹೊತ್ತಲ್ಲಿ ಹೋದ್ರೆ ರೇಟ್ ಕಮ್ಮಿ ಮಾಡ್ತಾರಾ?

ನಮ್ಮಲ್ಲಿ ಆ ಪದ್ಧತಿ ಇಲ್ಲ. ಕನ್ನಡ ನಾಟಕದ ಟಿಕೆಟ್ ಹೆಚ್ಚಾಗಿ 100ರಿಂದ 300 ರೂಪಾಯಿಯೊಳಗೆ ಇರುತ್ತದೆ. ಅದರಲ್ಲಿ ರಂಗಮಂದಿರದ ಬಾಡಿಗೆ, ಲೈಟಿನವರು, ಮೇಕಪ್‌ನವರು, ಸೆಟ್ ಸಾಗಿಸುವ ಟೆಂಪೊ, ಎಲ್ಲರ ಕಾಫಿ ತಿಂಡಿ ಆಗಬೇಕು. ನಟರಲ್ಲಿ ಬಹಳ ಜನ ಹಗಲು ಆಫೀಸಿಗೆ ಹೋಗಿ ಸಂಜೆ ತಾಲೀಮಿಗೆ ಬರುವವರು. ತರಕಾರಿ ಕೊಳ್ಳುವ ಹಾಗೆ ಇಲ್ಲಿ ಚೌಕಾಸಿ ಮಾಡಬೇಡಿ ಅಂತ ಮನಸಾರೆ ಕೇಳಿಕೊಳ್ಳುತ್ತೇನೆ.

ಆದರೆ ಎರಡು ಕಡೆ ನಿಮಗೆ ದುಡ್ಡು ಉಳಿಯುತ್ತದೆ. ಆ್ಯಪ್‌ನಲ್ಲಿ ಕೊಂಡರೆ ಟಿಕೆಟಿನ ಮೇಲೆ ಅನುಕೂಲ ಶುಲ್ಕ ಅಂತ ಒಂದಷ್ಟು ಸೇರುತ್ತದೆ, ಕೌಂಟರಿನಲ್ಲಿ ಅದಿಲ್ಲ. ಇನ್ನೊಂದು, ಕೆಲವು ತಂಡಗಳು ವಿದ್ಯಾರ್ಥಿಗಳಿಗೆ ಬೇರೆ ದರ ಇಡುತ್ತವೆ. ಪೋಸ್ಟರಿನಲ್ಲಿ ಬರೆದಿರದಿದ್ದರೂ ಕಾಲೇಜಿನ ಗುರುತಿನ ಚೀಟಿ ತೋರಿಸಿ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ನಾಟಕ ನೋಡೋಕೆ ಯಾವ ದಿನ ಒಳ್ಳೇದು?

ಟಿಕೆಟ್ ಸುಲಭವಾಗಿ ಸಿಗಬೇಕಾದರೆ ಮಂಗಳವಾರ, ಬುಧವಾರ, ಗುರುವಾರ. ರಂಗಶಂಕರದಲ್ಲಿ ಸೋಮವಾರ ರಜೆ, ಉಳಿದ ದಿನ ಸಂಜೆ 7.30ಕ್ಕೆ ಆಟ. ಶನಿವಾರ, ಭಾನುವಾರ ಮಧ್ಯಾಹ್ನ 3.30ಕ್ಕೂ ಇರುತ್ತದೆ. ಭಾನುವಾರ ಸಂಜೆ ತುಂಬಿ ತುಳುಕುವ ನಾಟಕಕ್ಕೆ ಅದೇ ದಿನ 3.30ಕ್ಕೆ ಎಷ್ಟೋ ಸೀಟು ಖಾಲಿ ಇರುತ್ತದೆ. ಊಟ ಮಾಡಿ ಮಲಗುವ ಹೊತ್ತು ಅಂತ ಜನ ಬರುವುದಿಲ್ಲ. ಹಬ್ಬದ ಮುನ್ನಾದಿನ, ಕ್ರಿಕೆಟ್ ಫೈನಲ್ ಇರುವ ದಿನ ಕೂಡ ಹಾಗೆಯೇ.

ಒಬ್ಬಳೇ ಹೋದ್ರೆ ಸರಿ ಹೋಗುತ್ತಾ? ಎಲ್ಲರೂ ಜೋಡಿಯಾಗಿ ಬರ್ತಾರೆ ಅನ್ಸುತ್ತೆ.

ಒಬ್ಬರೇ ಬರುವವರು ತುಂಬಾ ಜನ ಇದ್ದಾರೆ. ಕೊನೇ ಗಳಿಗೆಯ ಟಿಕೆಟಿಗಂತೂ ಒಬ್ಬರೇ ಬಂದವರಿಗೇ ಮೊದಲ ಅವಕಾಶ. ಸಾಲಿನಲ್ಲಿ ಎರಡೆರಡು ಸೀಟಾಗಿ ಮಾರಾಟವಾಗುತ್ತಾ ಹೋದ ಹಾಗೆ ನಡುನಡುವೆ ಒಂದೊಂದು ಒಂಟಿ ಸೀಟು ಉಳಿದುಬಿಡುತ್ತದೆ. "ಒಂದು ಇದೆ, ಯಾರಾದರೂ ಒಬ್ಬರು ಇದ್ದೀರಾ?" ಅಂತ ನಾನು ಕೂಗಿದಾಗ ನಾಲ್ಕು ಜನರ ಸಂಸಾರ ಸುಮ್ನೆ ನಿಂತಿರುತ್ತದೆ, ಹಿಂದಿನಿಂದ ಒಬ್ಬ ಹುಡುಗಿ ಕೈ ಎತ್ತುತ್ತಾಳೆ. ಇದು ಜೆ.ಪಿ.ನಗರಕ್ಕೂ ನಿಜ, ನ್ಯೂಯಾರ್ಕಿಗೂ ನಿಜ.

## ಹೌಸ್‌ಫುಲ್ ಆದಾಗ

ಬುಕ್‌ಮೈಶೋದಲ್ಲಿ ಸೋಲ್ಡ್ ಔಟ್ ಅಂತಿದೆ. ಆದ್ರೂ ಹೋಗ್ಬೋದಾ, ಇಲ್ಲಾ ಸುಮ್ನೆ ಪೆಟ್ರೋಲ್ ದಂಡನಾ?

ಹೋಗಿ. ಆ್ಯಪ್‌ನಲ್ಲಿ ಮುಗಿದಿದೆ ಅಂದರೆ ಆ್ಯಪ್‌ಗೆ ಕೊಟ್ಟ ಪಾಲು ಮುಗಿದಿದೆ ಅಂತ ಅರ್ಥ. ಕೌಂಟರಿಗೆ ಅಂತ ತಂಡದವರು ಒಂದಷ್ಟು ಬೇರೆ ಇಟ್ಟುಕೊಂಡಿರುತ್ತಾರೆ. ಅದಲ್ಲದೆ ಎತ್ತಿಟ್ಟ ಟಿಕೆಟ್ ಅಂತ ಇನ್ನೊಂದು ಗಂಟು ಇರುತ್ತದೆ. ನಟಿಯ ಅತ್ತೆ ಮಾವ, ನಿರ್ದೇಶಕರ ಹಳೇ ಸ್ನೇಹಿತರು, ಬರುತ್ತೇನೆ ಅಂದ ಅತಿಥಿಗಳು. ಇವರಲ್ಲಿ ಯಾರಾದರೂ ಇಬ್ಬರು ಬರುವುದಿಲ್ಲ. ಆಟಕ್ಕೆ 15 ನಿಮಿಷ ಇದೆ ಅನ್ನುವಾಗ ಆ ಟಿಕೆಟ್‌ಗಳು ಮೇಜಿಗೆ ವಾಪಸ್ ಬರುತ್ತವೆ.

ಇದರ ಮೇಲೆ ಬೆಂಗಳೂರಿನ ರಸ್ತೆ ಇದೆ. ವೈಟ್‌ಫೀಲ್ಡ್‌ನಿಂದ ಹೊರಟವರು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡರೆ ಅವರ ಸೀಟು ಖಾಲಿ. ಒಂದು ಶನಿವಾರ ಸಂಜೆ ಜೋರು ಮಳೆ. ಹೌಸ್‌ಫುಲ್ ಬೋರ್ಡನ್ನು ನಾನೇ ಕೈಯಾರೆ ಇಟ್ಟಿದ್ದೆ. 7.20ಕ್ಕೆ ಒಳಗೆ ಇಣುಕಿದರೆ 14 ಸೀಟು ಹಾಗೇ ಇದ್ದವು. ಹೊರಗೆ ತೊಯ್ದುಕೊಂಡು ನಿಂತಿದ್ದವರು 9 ಜನ. ಎಲ್ಲರೂ ಒಳಗೆ ಹೋದರು. ದುಡ್ಡು ಕೊಟ್ಟು ಬಾರದವರ ಸೀಟನ್ನು ಮತ್ತೆ ಮಾರುವುದು ಸರಿಯಾ ಅಂತ ನಮ್ಮಲ್ಲೂ ಮಾತಾಯಿತು. ಕೊನೆಗೆ ದುಡ್ಡು ತೆಗೆದುಕೊಳ್ಳದೆ ಬಿಟ್ಟೆವು. ಅವರಲ್ಲಿ ಇಬ್ಬರು ಈಗ ನಮ್ಮ ಪ್ರತಿ ನಾಟಕಕ್ಕೂ ಬರುತ್ತಾರೆ.

ಎಷ್ಟು ಹೊತ್ತಿಗೆ ಹೋಗಿ ನಿಲ್ಬೇಕು? ನಿಂತು ಏನ್ ಮಾಡ್ಬೇಕು?

ಆಟಕ್ಕೆ ಒಂದು ಗಂಟೆ ಮುಂಚೆ. ತುಂಬಾ ಹೆಸರಾದ ನಾಟಕವಾದರೆ ಒಂದೂವರೆ ಗಂಟೆ. ಹೋದ ತಕ್ಷಣ ಮೇಜಿನಲ್ಲಿ ಇರುವವರಿಗೆ ಎಷ್ಟು ಟಿಕೆಟ್ ಬೇಕು ಅಂತ ಹೇಳಿ, ಹೆಸರು ಬರೆಸಿ. ಪಟ್ಟಿ ಇಟ್ಟುಕೊಂಡಿಲ್ಲ ಅಂದರೆ "ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೀರಾ?" ಅಂತ ನೀವೇ ಕೇಳಿ. ಬರೆಸಿ ಕಾಫಿಗೆ ಅಂತ ದೂರ ಹೋಗಿಬಿಡಬೇಡಿ. ಟಿಕೆಟ್ ಬಂದಾಗ ಕಣ್ಣಿಗೆ ಕಾಣುವವರಿಗೆ ಕೈ ಹೋಗುತ್ತದೆ. ರಂಗಶಂಕರದ ಕೆಫೆಯಲ್ಲಿ ಸಾಬೂದಾನ ವಡೆ ತಿನ್ನುತ್ತಾ ಕಾಯುವುದು ಸುಖವೇ, ಆದರೆ ಜೊತೆಯವರಲ್ಲಿ ಒಬ್ಬರು ಕೌಂಟರ್ ಹತ್ತಿರ ಇರಲಿ.

ಚಿಲ್ಲರೆ ಇಟ್ಟುಕೊಳ್ಳಿ, ಇಲ್ಲವೇ ಯುಪಿಐ ಸರಿಯಾಗಿದೆಯಾ ನೋಡಿಕೊಳ್ಳಿ. ಆ ಕೊನೆಯ ಎರಡು ನಿಮಿಷದಲ್ಲಿ ನೆಟ್‌ವರ್ಕ್ ಸುತ್ತುತ್ತಾ ನಿಂತರೆ ನಿಮ್ಮ ಹಿಂದಿನವರೂ ಒಳಗೆ ಹೋಗಲಾಗದೆ ನಿಲ್ಲುತ್ತಾರೆ.

5 ನಿಮಿಷ ಲೇಟಾದ್ರೆ ಬಿಡಲ್ವಂತೆ, ನಿಜಾನಾ?

ರಂಗಶಂಕರದಲ್ಲಿ ನಿಜ. ಅರುಂಧತಿ ನಾಗ್ ಅವರು ಶಂಕರ್ ನಾಗ್ ನೆನಪಿಗೆ ಕಟ್ಟಿಸಿದ ಈ ರಂಗಮಂದಿರ 2004ರಲ್ಲಿ ಶುರುವಾದಾಗಿನಿಂದಲೂ ಈ ನಿಯಮ ಇದೆ. ಬಾಗಿಲು ಹಾಕಿದ ಮೇಲೆ ಯಾರೇ ಬಂದರೂ ಹೊರಗೇ. ಮುಂಬೈನ ಪೃಥ್ವಿ ಥಿಯೇಟರಿನಲ್ಲೂ ಹೀಗೆಯೇ.

ನಾನೂ ಒಂದು ಸಲ ಇನ್ನೊಂದು ಊರಿನ ರಂಗಮಂದಿರದ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೇನೆ. ಒಳಗಿನಿಂದ ಹಾಡು ಕೇಳುತ್ತಿತ್ತು. ಆವತ್ತು ತುಂಬಾ ಬೇಜಾರಾಯಿತು. ಆಮೇಲೆ ವೇದಿಕೆಯ ಮೇಲೆ ನಿಂತವರನ್ನು ಕೇಳಿದಾಗ ತಿಳಿಯಿತು. ಮೊದಲ 5 ನಿಮಿಷದಲ್ಲಿ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಸೀಟು ಹುಡುಕುವವರು ಬಂದರೆ ನಟರು ಕಟ್ಟಿದ್ದೆಲ್ಲಾ ಒಡೆದುಹೋಗುತ್ತದೆ. ಮೆಟ್ರೊದಲ್ಲಿ ಬನ್ನಿ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ರಂಗಶಂಕರಕ್ಕೆ ರಾಗಿಗುಡ್ಡ ಸ್ಟೇಷನ್ ಹತ್ತಿರ, ನಡೆದೇ ಬರಬಹುದು. ಕಲಾಕ್ಷೇತ್ರಕ್ಕೆ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ಸ್ಟೇಷನ್.

ಸೀಟ್ ಬೇಡ ಸಾರ್, ಹಿಂದೆ ಗೋಡೆಗೆ ಒರಗಿ ನಿಂತ್ಕೊಂಡು ನೋಡ್ತೀವಿ. ಬಿಡ್ತೀರಾ?

ಇದನ್ನು ಕೇಳಿದಾಗ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆದರೂ ಮುಚ್ಚಿದ ರಂಗಮಂದಿರದಲ್ಲಿ ಟಿಕೆಟ್ ಕೊಟ್ಟು ನಿಲ್ಲಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಬೆಂಕಿ ಬಿದ್ದರೆ ಜನ ಓಡುವುದು ಅದೇ ನಡುದಾರಿಯಲ್ಲಿ. ಅಲ್ಲಿ ಜನ ನಿಂತಿದ್ದರೆ, ಮೆಟ್ಟಿಲಲ್ಲಿ ಕೂತಿದ್ದರೆ ಅನಾಹುತ. ಉಚಿತ ಪ್ರದರ್ಶನಗಳಲ್ಲಿ ಜನ ನಿಂತು ನೋಡುವುದನ್ನು ನೀವೂ ಕಂಡಿರುತ್ತೀರಿ. ಅದು ನಡೆಯುತ್ತದೆ ಅಷ್ಟೇ, ಅದನ್ನು ಹಕ್ಕು ಅಂತ ಕೇಳಲಾಗದು.

ನಿಂತು ನೋಡುವ ಆಸೆ ತೀರಬೇಕಾದರೆ ಬಯಲಿಗೆ ಬನ್ನಿ. ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ಕಲ್ಲಿನ ಮೆಟ್ಟಿಲೇ ಸೀಟು. ಇನ್ನೊಬ್ಬರು ಬಂದರೆ ಸ್ವಲ್ಪ ಸರಿದು ಕೂರಬಹುದು. ನಮ್ಮ ಹಿರಿಯರು ಕಂಪನಿ ನಾಟಕ ನೋಡಿದ್ದೂ ಹೀಗೆಯೇ ಅಲ್ವಾ? ಮುಂದೆ ಕುರ್ಚಿ, ಹಿಂದೆ ಬೆಂಚು, ಕಡಿಮೆ ದುಡ್ಡಿನವರಿಗೆ ನೆಲ. ಬಾದಾಮಿ ಬನಶಂಕರಿ ಜಾತ್ರೆಗೆ ಜನವರಿಯಲ್ಲಿ ಹೋದರೆ ಡೇರೆ ಹಾಕಿದ ಕಂಪನಿಗಳು ರಾತ್ರಿಯೆಲ್ಲಾ ನಾಟಕ ಆಡುವುದನ್ನು ಇವತ್ತೂ ನೋಡಬಹುದು. ಅಲ್ಲಿ ಅದೇ ದಿನದ ಟಿಕೆಟ್ ಬಿಟ್ಟು ಬೇರೆ ಟಿಕೆಟೇ ಇಲ್ಲ!

ನಿಮಗೆ ಪರಿಚಯ ಇರುತ್ತಲ್ಲಾ, ಒಂದು ಪಾಸ್ ಕೊಡಿಸಿ.

ಕೊಡಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಪಾಸ್ ತೆಗೆದುಕೊಂಡವರೇ ಹೆಚ್ಚಾಗಿ ಬಾರದೆ ಉಳಿಯುವವರು. ಟಿಕೆಟಿಗೆ 200 ರೂಪಾಯಿ ಕೊಟ್ಟವರು ಮಳೆಯಲ್ಲೂ ಬರುತ್ತಾರೆ. ನಿಜಕ್ಕೂ ದುಡ್ಡಿಲ್ಲದ ಹುಡುಗರು ಬಂದು ಹೇಳಿದರೆ ಯಾವ ತಂಡವೂ ವಾಪಸ್ ಕಳಿಸುವುದಿಲ್ಲ. ಅದಕ್ಕೆ ಪಾಸ್ ಬೇಕಿಲ್ಲ, ಬಂದು ಹೇಳಿದರೆ ಸಾಕು.

ಅಮ್ಮನಿಗೆ 78. ಕ್ಯೂನಲ್ಲಿ ನಿಲ್ಲೋಕೆ ಆಗಲ್ಲ. ಆದ್ರೆ ನಾಟಕ ಅಂದ್ರೆ ಪ್ರಾಣ.

ಅಮ್ಮನಿಗೆ ಮುಂಚೆಯೇ ಟಿಕೆಟ್ ಕೊಂಡುಬಿಡಿ, ಅದೇ ದಿನ ಬಂದು ಟಿಕೆಟಿಗೆ ಕಾಯುವ ಪರದಾಟ ಅವರಿಗೆ ಬೇಡ. ಎಲ್ಲಿ ಬೇಕಾದರೂ ಕೂರುವ ಪದ್ಧತಿ ಇರುವ ಕಡೆ ಬಾಗಿಲು ತೆಗೆದಾಗ ನೂಕುನುಗ್ಗಲಾಗುತ್ತದೆ. ಬಾಗಿಲ ಹುಡುಗರಿಗೆ ಮೊದಲೇ ಹೇಳಿ, ಅವರು ಹಿರಿಯರನ್ನು ಮುಂಚೆ ಒಳಗೆ ಕೂರಿಸುತ್ತಾರೆ. ಮೆಟ್ಟಿಲು ಕಡಿಮೆ ಇರುವ ಸಾಲು ಯಾವುದು ಅಂತಲೂ ಅವರೇ ತೋರಿಸುತ್ತಾರೆ.

ನಾವು ಬರೋಕಾಗಲಿಲ್ಲ, 3 ಟಿಕೆಟ್ ಉಳಿದಿದೆ. ಏನ್ ಮಾಡೋದು?

ದಯವಿಟ್ಟು ಒಂದು ಫೋನ್ ಮಾಡಿ, ಇಲ್ಲಾ ತಂಡದ ನಂಬರಿಗೆ ಒಂದು ವಾಟ್ಸ್‌ಆ್ಯಪ್ ಹಾಕಿ. ದುಡ್ಡು ವಾಪಸ್ ಬರದಿರಬಹುದು. ಆದರೆ ಆ 3 ಸೀಟಿನಲ್ಲಿ ಮೂವರು ಕೂರುತ್ತಾರೆ. ಸಂಜೆ 6 ಗಂಟೆಗೆ ಹೇಳಿದರೂ ಆಗುತ್ತದೆ.

## ನ್ಯೂಯಾರ್ಕಿಗೆ ಹೊರಟವರಿಗೆ

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಬ್ರಾಡ್‌ವೇ ಟಿಕೆಟ್ ಬೆಲೆ ಕೇಳಿ ತಲೆ ತಿರುಗ್ತು. ಕಮ್ಮಿಗೆ ದಾರಿ ಇದ್ಯಾ?

ಇದೆ, ಒಂದಲ್ಲ ಹಲವು. ಬ್ರಾಡ್‌ವೇ ಅಂದರೆ 500ಕ್ಕಿಂತ ಕಡಿಮೆಯಿಲ್ಲದ ಸೀಟಿರುವ 41 ರಂಗಮಂದಿರಗಳು. ಒಂದೊಂದರಲ್ಲಿ ವಾರಕ್ಕೆ 8 ಆಟ. ಅಷ್ಟೂ ಸೀಟು ಪ್ರತಿದಿನ ಪೂರ್ತಿ ಬೆಲೆಗೆ ತುಂಬುವುದಿಲ್ಲ. ಪರದೆ ಎದ್ದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಬೆಳಿಗ್ಗೆಯ ಹಾಲನ್ನು ಸಂಜೆಗೆ ಮಾರಿದ ಹಾಗೆ, ಅದೇ ದಿನ ಬೆಲೆ ಇಳಿಸಿ ಬಿಡುತ್ತಾರೆ. ಆ ಇಳಿಸಿದ ಟಿಕೆಟ್ ನಾಲ್ಕು ಬಾಗಿಲಿನಿಂದ ಹೊರಗೆ ಬರುತ್ತದೆ: ಟಿ.ಕೆ.ಟಿ.ಎಸ್. ಬೂತ್, ರಷ್, ಲಾಟರಿ, ನಿಂತು ನೋಡುವ ಟಿಕೆಟ್. ಜನವರಿ, ಫೆಬ್ರವರಿ ಚಳಿಯಲ್ಲಿ ಪ್ರವಾಸಿಗಳು ಕಡಿಮೆ, ಆಗ ಎಲ್ಲವೂ ಸುಲಭ. ಕ್ರಿಸ್‌ಮಸ್ ವಾರದಲ್ಲಿ ಎಲ್ಲವೂ ಕಷ್ಟ.

ಆ ಕೆಂಪು ಮೆಟ್ಟಿಲಿನ ಕೆಳಗಿರೋ ಬೂತ್ ಹೇಗೆ ಕೆಲಸ ಮಾಡುತ್ತೆ?

ಟಿ.ಕೆ.ಟಿ.ಎಸ್. ಬೂತ್ ಅಂದದ್ದು ಇದನ್ನೇ. ಟೈಮ್ಸ್ ಸ್ಕ್ವೇರ್‌ನಲ್ಲಿ 47ನೇ ಬೀದಿಯ ಹತ್ತಿರ ಇದೆ. 1973ರಿಂದ ಟಿ.ಡಿ.ಎಫ್. ಅನ್ನುವ ಲಾಭಕ್ಕಾಗಿ ನಡೆಯದ ಸಂಸ್ಥೆ ಇದನ್ನು ನಡೆಸುತ್ತಿದೆ. ಮೇಲಿನ ಕೆಂಪು ಮೆಟ್ಟಿಲು ಬಂದದ್ದು 2008ರಲ್ಲಿ. ಅವತ್ತಿನ ಆಟಗಳಿಗೆ ಸಾಮಾನ್ಯವಾಗಿ ನೂರಕ್ಕೆ 20ರಿಂದ 50ರಷ್ಟು ಇಳಿಸಿ ಕೊಡುತ್ತಾರೆ, ಅದರ ಮೇಲೆ ಟಿಕೆಟಿಗೆ ಇಷ್ಟು ಅಂತ ಸೇವಾ ಶುಲ್ಕ. ಯಾವ ನಾಟಕ ಎಷ್ಟಕ್ಕಿದೆ ಅನ್ನುವುದು ಬೋರ್ಡಿನಲ್ಲೂ ಇರುತ್ತದೆ, ಅವರ ಆ್ಯಪ್‌ನಲ್ಲೂ ಕಾಣುತ್ತದೆ. ಮನೆಯಿಂದಲೇ ನೋಡಿಕೊಂಡು ಹೊರಡಿ.

ಎಲ್ಲರೂ ಕಿಟಕಿ ತೆಗೆಯುವ ಮುಂಚೆ ಹೋಗಿ ಉದ್ದ ಸಾಲಿನಲ್ಲಿ ನಿಲ್ಲುತ್ತಾರೆ. ಬೇಕಾದ ನಾಟಕ ಇಂಥದ್ದೇ ಅಂತ ಹಟ ಇಲ್ಲದಿದ್ದರೆ ಆಟಕ್ಕೆ ಒಂದು ಗಂಟೆ ಇರುವಾಗ ಹೋಗಿ. ಸಾಲು ಕರಗಿರುತ್ತದೆ. ಆ ಹೊತ್ತಿಗೂ ರಂಗಮಂದಿರದವರು ಹಿಡಿದಿಟ್ಟಿದ್ದ ಒಳ್ಳೇ ಸೀಟುಗಳು ಹೊಸದಾಗಿ ಬರುತ್ತಿರುತ್ತವೆ. ಹಾಡು ಕುಣಿತ ಇಲ್ಲದ ಮಾತಿನ ನಾಟಕವೇ ಸಾಕು ಅನ್ನುವವರಿಗೆ ಬೇರೆ ಕಿಟಕಿ ಇದೆ, ಅಲ್ಲಿ ಜನ ಕಡಿಮೆ. ಇನ್ನೊಂದು ಉಪಯೋಗದ ಮಾತು: ಒಮ್ಮೆ ಕೊಂಡ ಟಿಕೆಟನ್ನು ಬಿಸಾಡಬೇಡಿ. 7 ದಿನದೊಳಗೆ ಮತ್ತೆ ಹೋಗಿ ಅದನ್ನು ತೋರಿಸಿದರೆ ಉದ್ದ ಸಾಲು ಬಿಟ್ಟು ನೇರ ಕಿಟಕಿಗೆ ಕಳಿಸುತ್ತಾರೆ.

ಬೂತಿನ ಸುತ್ತ "ನನ್ನ ಹತ್ರ ಟಿಕೆಟ್ ಇದೆ" ಅಂತ ಬರುವವರ ಜೊತೆ ಮಾತಿಗೆ ನಿಲ್ಲಬೇಡಿ.

ರಷ್ ಅಂತಾರೆ, ಲಾಟರಿ ಅಂತಾರೆ. ಎರಡೂ ಒಂದೇನಾ?

ಬೇರೆ ಬೇರೆ. ರಷ್ ಅಂದರೆ ಮೊದಲು ಬಂದವರಿಗೆ. ರಂಗಮಂದಿರದ ಬಾಕ್ಸ್ ಆಫೀಸ್, ಅಂದರೆ ಟಿಕೆಟ್ ಕೌಂಟರ್, ಬೆಳಿಗ್ಗೆ ಸಾಮಾನ್ಯವಾಗಿ 10ಕ್ಕೆ, ಭಾನುವಾರ 12ಕ್ಕೆ ತೆಗೆಯುತ್ತದೆ. ಆಗ ಅವತ್ತಿನ ಕೆಲವು ಸೀಟುಗಳನ್ನು ಕಡಿಮೆ ಬೆಲೆಗೆ, ಹೆಚ್ಚಾಗಿ 30ರಿಂದ 50 ಡಾಲರಿಗೆ, ಒಬ್ಬರಿಗೆ ಒಂದೋ ಎರಡೋ ಕೊಡುತ್ತಾರೆ. ಕೆಲವು ನಾಟಕಗಳಲ್ಲಿ ಇದು ವಿದ್ಯಾರ್ಥಿಗಳಿಗೆ ಮಾತ್ರ. ಈಗ ಬಹಳಷ್ಟು ನಾಟಕಗಳು ಟುಡೇಟಿಕ್ಸ್ ಆ್ಯಪ್‌ನಲ್ಲಿ ಬೆಳಿಗ್ಗೆ 9ಕ್ಕೆ ರಷ್ ಬಿಡುತ್ತವೆ. ಕಾರ್ಡಿನ ವಿವರ ಮೊದಲೇ ತುಂಬಿಸಿ ಇಟ್ಟುಕೊಳ್ಳಿ. ತತ್ಕಾಲ್ ರೈಲು ಟಿಕೆಟ್ ಮಾಡಿದ ಕೈಗೆ ಇದೇನೂ ಹೊಸದಲ್ಲ.

ಲಾಟರಿಗೆ ಓಟ ಬೇಡ, ಅದೃಷ್ಟ ಬೇಕು. ಹೆಸರು ಕೊಡಬೇಕು, ಗೆದ್ದರೆ ಮೆಸೇಜ್ ಬರುತ್ತದೆ, ಹೇಳಿದ ಹೊತ್ತಿನೊಳಗೆ ದುಡ್ಡು ಕಟ್ಟಬೇಕು. ತಡ ಮಾಡಿದರೆ ಟಿಕೆಟ್ ಇನ್ನೊಬ್ಬರಿಗೆ. ಇದು ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. 1996ರಲ್ಲಿ 'ರೆಂಟ್' ಸಂಗೀತ ನಾಟಕದವರು ಮುಂದಿನ ಎರಡು ಸಾಲನ್ನು 20 ಡಾಲರಿಗೆ ಕೊಡಲು ಶುರು ಮಾಡಿದರು. ಬಡ ಕಲಾವಿದರ ಕಥೆಯನ್ನು ಅಂಥ ಹುಡುಗರೇ ನೋಡಲಾಗದಿದ್ದರೆ ಹೇಗೆ? ಹುಡುಗರು ರಾತ್ರಿಯೆಲ್ಲಾ ಫುಟ್‌ಪಾತಿನಲ್ಲಿ ಮಲಗಿ ಕಾಯಲು ಶುರು ಮಾಡಿದರು. ಅದು ಸುರಕ್ಷಿತವಲ್ಲ ಅಂತ ಚೀಟಿ ಎತ್ತುವ ಪದ್ಧತಿ ಬಂತು. 2015ರಲ್ಲಿ ಬ್ರಾಡ್‌ವೇಗೆ ಬಂದ 'ಹ್ಯಾಮಿಲ್ಟನ್' 10 ಡಾಲರಿನ ಲಾಟರಿ ಇಟ್ಟಿತು. 10 ಡಾಲರ್ ನೋಟಿನ ಮೇಲಿರುವುದು ಅದೇ ಹ್ಯಾಮಿಲ್ಟನ್ ಚಿತ್ರ.

ಒಂದು ವಾರ ಇರುವವರು ದಿನಾ ನಾಲ್ಕೈದು ನಾಟಕಗಳ ಲಾಟರಿಗೆ ಹೆಸರು ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಸ್ಟ್ಯಾಂಡಿಂಗ್ ರೂಮ್ ಟಿಕೆಟ್ ಅಂದ್ರೆ ನಿಜವಾಗ್ಲೂ ಪೂರ್ತಿ ಹೊತ್ತು ನಿಂತಿರ್ಬೇಕಾ?

ಹೌದು. ಕೆಳಗಿನ ಮಹಡಿಯ ಕೊನೇ ಸಾಲಿನ ಹಿಂದೆ ಜಾಗ ಗುರುತು ಮಾಡಿ ನಂಬರ್ ಹಾಕಿರುತ್ತಾರೆ. ಕೆಲವು ಕಡೆ ಮುಂದೆ ಒರಗಿಕೊಳ್ಳಲು ಎದೆಮಟ್ಟದ ಕಟ್ಟೆ ಇರುತ್ತದೆ. ವೇದಿಕೆ ನೇರವಾಗಿ ಕಾಣುತ್ತದೆ, ಎಷ್ಟೋ ಬಾಲ್ಕನಿ ಸೀಟಿಗಿಂತ ಚೆನ್ನಾಗಿ. ನಿಯಮ ಒಂದೇ: ಸೀಟೆಲ್ಲಾ ಮಾರಿಹೋದ ಮೇಲೆಯೇ ಇದನ್ನು ಕೊಡುವುದು. ಹಾಗಾಗಿ ಇದು ಹೌಸ್‌ಫುಲ್ ನಾಟಕದ ಟಿಕೆಟ್, ಸಾಧಾರಣ ಓಡುವ ನಾಟಕಕ್ಕೆ ಸಿಗುವುದಿಲ್ಲ. ಎಲ್ಲ ರಂಗಮಂದಿರದಲ್ಲೂ ಇರುವುದಿಲ್ಲ. ಬಾಕ್ಸ್ ಆಫೀಸಿನಲ್ಲಿ ಬೆಳಿಗ್ಗೆಯೇ ಕೇಳಿ, ಯಾವಾಗ ಬಿಡುತ್ತಾರೆ ಅಂತ ಅವರೇ ಹೇಳುತ್ತಾರೆ.

ಒಂದು ಸಂಗೀತ ನಾಟಕ ಹೆಚ್ಚುಕಡಿಮೆ ಎರಡೂವರೆ ಗಂಟೆ, ನಡುವೆ 15 ನಿಮಿಷ ವಿರಾಮ. ಅವತ್ತು ಹಗಲೆಲ್ಲಾ ಸುತ್ತಾಡಿ ಬಂದು ಸಂಜೆ ನಿಲ್ಲುತ್ತೇನೆ ಅಂದರೆ ಕಾಲು ಕೇಳುವುದಿಲ್ಲ. ಮಂಡಿ ನೋವಿದ್ದರೆ ಈ ದಾರಿ ಬೇಡ. ದಪ್ಪ ಅಟ್ಟೆಯ ಶೂ ಹಾಕಿ, ಭಾರದ ಬ್ಯಾಗ್ ಮನೆಯಲ್ಲೇ ಬಿಡಿ. ವಿರಾಮದಲ್ಲಿ ಖಾಲಿ ಸೀಟು ಕಂಡರೆ ತಾನಾಗಿ ಹೋಗಿ ಕೂರಬೇಡಿ. ಅಲ್ಲಿರುವ ಸಿಬ್ಬಂದಿಯನ್ನು ಕೇಳಿ, ಅವರು ಹೂಂ ಅಂದರೆ ಕೂತುಕೊಳ್ಳಿ.

ರಷ್ ಟಿಕೆಟ್ ಅಂದ್ರೆ ಕೆಟ್ಟ ಸೀಟಾ?

ಎರಡೂ ತುದಿ ಇರುತ್ತದೆ. ಕೆಲವು ಕಡೆ ಮೊಟ್ಟಮೊದಲ ಸಾಲು ಕೊಡುತ್ತಾರೆ. ನಟರ ಬೆವರು ಕಾಣುವಷ್ಟು ಹತ್ತಿರ, ಕತ್ತು ಮಾತ್ರ ಎತ್ತಿ ನೋಡಬೇಕು. ಕೆಲವು ಕಡೆ ಮೂಲೆ ಸೀಟು, ವೇದಿಕೆಯ ಒಂದು ಬದಿ ಕಾಣುವುದಿಲ್ಲ. ಟಿಕೆಟಿನಲ್ಲಿ ಪೂರ್ತಿ ನೋಟ ಇಲ್ಲ ಅಂತ ಬರೆದಿದ್ದರೆ "ಎಷ್ಟು ಕಾಣುವುದಿಲ್ಲ?" ಅಂತ ಕೇಳಿ, ನೇರವಾಗಿ ಹೇಳುತ್ತಾರೆ. ಇಬ್ಬರು ಹೋದರೆ ಬೇರೆ ಬೇರೆ ಸೀಟು ಬರಬಹುದು. ಎರಡೂವರೆ ಗಂಟೆ ದೂರ ಕೂತರೆ ಏನೂ ಆಗುವುದಿಲ್ಲ, ಮನೆಗೆ ಹೋಗುವಾಗ ಮಾತಾಡಲು ಜಾಸ್ತಿ ಸಿಗುತ್ತದೆ.

ಇಲ್ಲಿಂದ ಹೊರಡೋ ಮುಂಚೆ ಏನ್ ರೆಡಿ ಮಾಡ್ಕೋಬೇಕು?

ಬ್ಯಾಂಕಿನ ಕಾರ್ಡ್ ಆದರೆ ವಿದೇಶದ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು. ಲಾಟರಿ, ರಷ್ ಎರಡಕ್ಕೂ ಫೋಟೊ ಇರುವ ಗುರುತಿನ ಚೀಟಿ ಕೇಳಬಹುದು, ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಹಾಗೇ ಕೊಡಿ. ಇನಿಷಿಯಲ್ ಬಿಡಿಸಿ ಬರೆದ ನಮ್ಮ ಹೆಸರುಗಳಲ್ಲಿ ಇದು ತೊಡಕು.

## ಲಂಡನ್, ಮತ್ತೆ ಇನ್ನೂ ಮುಂದಕ್ಕೆ

ಲಂಡನ್‌ನಲ್ಲೂ ಹೀಗೇನಾ?

ಸುಮಾರಾಗಿ ಹೀಗೆಯೇ. ಲೆಸ್ಟರ್ ಸ್ಕ್ವೇರ್‌ನಲ್ಲಿ 1980ರಿಂದ ಅಗ್ಗದ ಟಿಕೆಟಿನ ಬೂತ್ ಇದೆ. ಅದರ ಅಕ್ಕಪಕ್ಕದ ಅಂಗಡಿಗಳೂ ಅದೇ ಥರ ಬೋರ್ಡ್ ಹಾಕಿಕೊಂಡಿರುತ್ತವೆ, ಚೌಕದ ಒಳಗೆ ನಿಂತಿರುವ ಟಿ.ಕೆ.ಟಿ.ಎಸ್. ಕಟ್ಟಡವೇ ಅಂತ ನೋಡಿ ಹೋಗಿ. ಅಲ್ಲಿ ರಷ್ ಬದಲು ಡೇ ಸೀಟ್ ಅನ್ನುತ್ತಾರೆ. ನ್ಯಾಷನಲ್ ಥಿಯೇಟರ್ ಶುಕ್ರವಾರ ಮುಂದಿನ ವಾರದ ಕೆಲವು ಸೀಟುಗಳನ್ನು ತುಂಬಾ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಬಿಡುತ್ತದೆ. ಅಲ್ಲಿನ ಹಳೇ ರಂಗಮಂದಿರಗಳಲ್ಲಿ ಕಂಬಗಳಿವೆ. ಅಗ್ಗದ ಸೀಟು ಕಂಬದ ಹಿಂದೆ ಇರಬಹುದು.

ಷೇಕ್ಸ್‌ಪಿಯರ್ ಗ್ಲೋಬ್‌ನಲ್ಲಿ ನಿಂತು ನೋಡೋ ಟಿಕೆಟ್ ತಗೊಳ್ಳಾ?

ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ಥೇಮ್ಸ್ ದಂಡೆಯಲ್ಲಿ ಹಳೇ ಮಾದರಿಯಲ್ಲೇ ಮತ್ತೆ ಕಟ್ಟಿ 1997ರಲ್ಲಿ ತೆರೆದ ರಂಗಮಂದಿರ ಅದು. ವೇದಿಕೆಯ ಮುಂದಿನ ಅಂಗಳಕ್ಕೆ ಮೇಲೆ ಸೂರಿಲ್ಲ. ಅಲ್ಲಿ 700 ಜನ ನಿಲ್ಲಬಹುದು. ಬಹಳ ವರ್ಷ ಅದರ ಬೆಲೆ 5 ಪೌಂಡ್ ಇತ್ತು, ಈಗಲೂ ಅಲ್ಲಿನ ಅತಿ ಅಗ್ಗದ ಟಿಕೆಟ್ ನಿಂತು ನೋಡುವುದೇ. ನಟರು ನಿಮ್ಮ ನಡುವೆಯೇ ಹಾದುಹೋಗುತ್ತಾರೆ, ನಿಮ್ಮ ಕಡೆ ನೋಡಿ ಮಾತಾಡುತ್ತಾರೆ. ದುಬಾರಿ ಸೀಟಿನವರಿಗೆ ಅದು ಸಿಗುವುದಿಲ್ಲ. ನಮ್ಮ ಬಯಲಾಟ ನೋಡಿ ಬೆಳೆದವರಿಗೆ ಅಲ್ಲಿ ಕಾಲಿಟ್ಟ ಕೂಡಲೇ ಊರಿನ ನೆನಪಾಗುತ್ತದೆ.

ಮಳೆ ಬಂದರೂ ಆಟ ನಡೆಯುತ್ತದೆ, ಕೊಡೆ ಬಿಡಿಸುವ ಹಾಗಿಲ್ಲ. ರೇನ್‌ಕೋಟ್ ಇಟ್ಟುಕೊಳ್ಳಿ. ಆಟದ ನಡುವೆ ನೆಲದಲ್ಲಿ ಕೂರಲು ಬಿಡುವುದಿಲ್ಲ. ಬೇಗ ಹೋದರೆ ವೇದಿಕೆಯ ಅಂಚಿಗೇ ಕೈ ಊರಿ ನಿಲ್ಲಬಹುದು.

ನಿಂತು ನೋಡೋವಾಗ ಜಾಗ ಬಿಟ್ಟು ಹೋದ್ರೆ ಬೇರೆಯವರು ಬಂದುಬಿಡ್ತಾರಲ್ಲಾ?

ವಿಯೆನ್ನಾದ ಸರ್ಕಾರಿ ಒಪೆರಾದಲ್ಲಿ ಇದಕ್ಕೆ ಚೆಂದದ ರೂಢಿ ಇದೆ. ನಿಲ್ಲುವ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೋಗುತ್ತಾರೆ. ಅದನ್ನು ಯಾರೂ ಬಿಚ್ಚುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದವರು ಆ ಊರಲ್ಲಿ ಹೊಸಬರಲ್ಲ. ಬೇರೆ ಕಡೆ ನಂಬರ್ ಇದ್ದರೆ ಚಿಂತೆ ಇಲ್ಲ, ಇಲ್ಲದಿದ್ದರೆ ಪಕ್ಕದವರಿಗೆ ಹೇಳಿ ಹೋಗಿ.

ರಷ್ ಇಲ್ಲ, ಲಾಟರಿ ಬರಲಿಲ್ಲ, ಪೂರ್ತಿ ಹೌಸ್‌ಫುಲ್. ಇನ್ನೇನೂ ದಾರಿ ಇಲ್ವಾ?

ವಾಪಸ್ ಬಂದ ಟಿಕೆಟಿನ ಸಾಲು ಇದೆ. ಆಟಕ್ಕೆ ಎರಡು ಗಂಟೆ ಮುಂಚೆ ಬಾಕ್ಸ್ ಆಫೀಸಿಗೆ ಹೋಗಿ, ಅಂಥ ಸಾಲು ಎಲ್ಲಿ ಅಂತ ಕೇಳಿ ನಿಲ್ಲಿ. ನಿರ್ಮಾಪಕರು ಅತಿಥಿಗಳಿಗೆ ಅಂತ ಹಿಡಿದಿಟ್ಟ ಸೀಟುಗಳು ಕೊನೇ ಗಳಿಗೆಯಲ್ಲಿ ಬಿಡುಗಡೆ ಆಗುತ್ತವೆ. ಇವು ರಂಗಮಂದಿರದ ಒಳ್ಳೊಳ್ಳೇ ಸೀಟುಗಳು, ಆದರೆ ಪೂರ್ತಿ ಬೆಲೆ. ನಮ್ಮ ಮೇಜಿನ ಎತ್ತಿಟ್ಟ ಟಿಕೆಟಿನ ಕಥೆಯೇ ಅಲ್ಲೂ ನಡೆಯುವುದು.

ಬೆಂಗಳೂರಲ್ಲೂ ಇಂಥ ರಷ್ ಟಿಕೆಟ್ ಯಾಕೆ ಮಾಡ್ಬಾರ್ದು?

ಮಾಡಬೇಕು ಅಂತಲೇ ನನ್ನ ಆಸೆ. ಬೆಲೆ ಇಳಿಸಲು ನಮ್ಮಲ್ಲಿ ಜಾಗ ಕಡಿಮೆ, ಅದನ್ನು ಮೇಲೆ ಹೇಳಿದ್ದೇನೆ. ಎಲ್ಲರಿಗೂ ಇಳಿಸಿದರೆ ಯಾರೂ ಮುಂಚೆ ಕೊಳ್ಳುವುದಿಲ್ಲ, ತಂಡಕ್ಕೆ ಬಾಡಿಗೆ ಕಟ್ಟುವ ಧೈರ್ಯ ಬರುವುದಿಲ್ಲ. ಆದರೆ 10 ಸೀಟು ಎತ್ತಿಡಬಹುದು. ಅದನ್ನು ಆಟದ ದಿನ ಸಂಜೆ 6.30ಕ್ಕೆ, ಮೇಜಿನ ಮುಂದೆ ಬಂದು ನಿಂತ ಕಾಲೇಜು ಹುಡುಗರಿಗೆ 50 ರೂಪಾಯಿಗೆ ಕೊಡಬಹುದು. ಫೋನಿನಲ್ಲಿ ಇಲ್ಲ, ಪರಿಚಯದಲ್ಲಿ ಇಲ್ಲ, ಬಂದವರಿಗೆ ಮಾತ್ರ. ನಮ್ಮ ತಂಡದಲ್ಲಿ ಇದನ್ನು ಹೇಳಿದಾಗ ಕೆಲವರು ಒಪ್ಪಿದರು, ಕೆಲವರು ಲೆಕ್ಕ ಕೇಳಿದರು. 10 ಸೀಟಿಗೆ ಕಡಿಮೆಯಾಗುವ ದುಡ್ಡನ್ನು ನಾನು ಮತ್ತು ಇನ್ನಿಬ್ಬರು ಹಂಚಿಕೊಳ್ಳುತ್ತೇವೆ ಅಂತ ಹೇಳಿದ್ದೇವೆ. ಮುಂದಿನ ನಾಟಕದ ಮೊದಲ ಆಟಕ್ಕೆ ಆ 10 ಟಿಕೆಟ್ ನನ್ನ ಮೇಜಿನ ಎಡಗಡೆ ಡಬ್ಬಿಯಲ್ಲಿ ಇರುತ್ತವೆ. 6.30ಕ್ಕೆ ಗುರುತಿನ ಚೀಟಿ ಹಿಡಿದು ಬನ್ನಿ.